ಬದು ಕಟ್ಟಿದ ಮೈದಾನ

ನಮ್ಮ ಕಾಲದಲ್ಲಿ ಡ್ರಿಲ್ ಮಾಸ್ತರ ಎಂದರೆ ಗಂಟೆ ಹೊಡೆಯುವ ಸಿಪಾಯಿಗಿಂತ ಒಂದು ಮೆಟ್ಟಿಲು ಮೇಲೆ, ಉಳಿದ ಮಾಸ್ತರರಿಗಿಂತ ಎರಡು ಮೆಟ್ಟಿಲು ಕೆಳಗೆ. ಗಣಿತದವನು ರಜೆ ಹಾಕಿದರೆ ಅವನ ತಾಸು ನನ್ನ ತಲೆಗೆ. ಸಾಹೇಬರು ಬಂದರೆ ಕುರ್ಚಿ ಹೊರುವವನು ನಾನು. ಪೇಢೆ ಹಂಚುವಾಗ ಮಾತ್ರ ನನ್ನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಈಗಿನ ಹುಡುಗರು ‘ದೈಹಿಕ ಶಿಕ್ಷಣ ಶಿಕ್ಷಕ’ ಎಂದು ಬಾಯಿ ತುಂಬ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊನ್ನೆ ಹೊಸದಾಗಿ ನೌಕರಿಗೆ ಸೇರಿದ ಒಬ್ಬ ಹುಡುಗ ಮನೆಗೆ ಬಂದು, “ಸರ್, ನಮ್ಮ ಸಾಲಿ ಗ್ರೌಂಡ್ ಒಂದ ಕಡೆ ಸ್ವಲ್ಪ ಇಳಕಲ ಐತ್ರಿ, ಹೆಂಗ ಆಟಾ ಕಲಸೂದು?” ಎಂದು ಗೋಳಾಡಿದಾಗ ಮೈಯೆಲ್ಲ ಉರಿಯಿತು. ಸ್ವಲ್ಪ ಇಳಕಲಂತೆ! ಅವನಿಗೆ ಚಹಾ ಕುಡಿಸಿ ಕಳಿಸಿದೆ. ಆಮೇಲೆ ಇದನ್ನು ಬರೆಯಲು ಕುಳಿತೆ.

ನಾನು ಹಳಿಯಾಳ ತಾಲೂಕಿನ ತೇರಗಾಂವದವನು, ಒಕ್ಕಲುತನದ ಮನೆಯವನು. ನಮ್ಮ ಕಡೆ ಹೊಲ ಎಂದರೆ ಬಡಿದು ಹಾಸಿದ ರೊಟ್ಟಿಯ ಹಾಗೆ. ಹುಡುಗನಾಗಿದ್ದಾಗ ಗರಡಿಯಲ್ಲಿ ಕುಸ್ತಿ ಮಾಡುತ್ತಿದ್ದೆ. ಗೆದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು ಅನ್ನಿ. ಆದರೆ ಸಪಾಟು ನೆಲದ ಉಪಕಾರ ನೋಡಿ, ಬಿದ್ದರೆ ಬಿದ್ದ ಜಾಗದಲ್ಲೇ ಇರುತ್ತಿದ್ದೆ. ಮನುಷ್ಯ ಬಿದ್ದ ಮೇಲೂ ಉರುಳುತ್ತ ಹೋಗಬಹುದು ಎನ್ನುವ ಸಂಗತಿ ಜೋಯಿಡಾ ಕಾಣುವವರೆಗೆ ನನಗೆ ಗೊತ್ತಿರಲಿಲ್ಲ. ಅದು ಆಮೇಲೆ ಬರುತ್ತದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಮೊದಲ ನೇಮಕ ಸಿಕ್ಕಿದ್ದು ಮುಂಡಗೋಡ ತಾಲೂಕಿನಲ್ಲಿ, ಇಂದೂರಿನ ಆಸುಪಾಸಿನ ಒಂದು ಶಾಲೆಗೆ. ಹೊಸ ಖಾಕಿ ಚಡ್ಡಿ, ಹೊಸ ಸೀಟಿ, ಎದೆಯ ತುಂಬ ಗಾಳಿ. ಮೊದಲ ದಿನವೇ ಹುಡುಗರನ್ನು ಸಾಲಾಗಿ ನಿಲ್ಲಿಸಿ, “ನಾ ಸೀಟಿ ಹೊಡಿಯೂತನಕ ಓಡ್ರಿ. ಹಿಂದ ತಿರುಗಿ ನೋಡಬ್ಯಾಡ್ರಿ” ಎಂದು ಅಪ್ಪಣೆ ಮಾಡಿದೆ. ಕೊಯಿಲಾದ ಬಯಲು, ಕಣ್ಣು ಹೋದಷ್ಟು ದೂರ ಒಂದು ತಡೆ ಇಲ್ಲ. ಹುಡುಗರು ಹಗ್ಗ ಬಿಚ್ಚಿದ ಕರುಗಳಂತೆ ಓಡಿದರು. ಸಾಕು ಅನ್ನಿಸಿದಾಗ ಸೀಟಿ ಬಾಯಿಗಿಟ್ಟು ಊದಿದೆ. ‘ಫುಸ್’ ಎಂದಿತು. ಒಳಗಿನ ಗುಂಡು ಸಿಕ್ಕಿಕೊಂಡಿತ್ತು. ಕೂಗಿದೆ. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು. ನೋಡನೋಡುತ್ತಿದ್ದಂತೆ ನನ್ನ ಇಡೀ ತರಗತಿ ಚುಕ್ಕೆಯಾಗಿ, ಆಮೇಲೆ ಚುಕ್ಕೆಯೂ ಇಲ್ಲದಂತಾಯಿತು.

ಸಂಜೆ ಅಪ್ಪಂದಿರು ಚಕ್ಕಡಿ ಕಟ್ಟಿಕೊಂಡು ಮಕ್ಕಳನ್ನು ಹುಡುಕಲು ಹೊರಟರು. ಒಬ್ಬನಂತೂ ಮುಂಡಗೋಡದಲ್ಲಿ ಅತ್ತೆಯ ಮನೆ ಸೇರಿ, ಊಟ ಮುಗಿಸಿ, ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದ. ಯಾಕೋ ಎಂದು ಕೇಳಿದರೆ, “ಸೀಟಿ ಕೇಳಸಲಿಲ್ರಿ, ಅದಕ್ಕ ನಿಲ್ಲಲಿಲ್ಲ” ಎಂದ. ಅವನ ವಿಧೇಯತೆಗೆ ಏನು ಹೇಳುವುದು? ನಮ್ಮ ಹೆಡ್‌ಮಾಸ್ತರರು ಮರುದಿನ ನನ್ನನ್ನು ಕರೆದು, “ಮಾಸ್ತರ, ಬಯಲ ಸೀಮಿಯೊಳಗ ಓಡಸೂ ಮೊದಲ ಎಲ್ಲಿ ನಿಲ್ಲಬೇಕು ಅಂಬೂದನ್ನ ಹೇಳ್ರಿ” ಎಂದರು. ಹೊಸಬರೇ, ಈ ಮಾತನ್ನು ಬರೆದಿಟ್ಟುಕೊಳ್ಳಿ.

ಅಲ್ಲಿಂದ ದಾಂಡೇಲಿಗೆ ಬಂದೆ. ಆಗ ಅದು ಕಾರ್ಖಾನೆಗಳ ಹೊಸ ಊರು. ಕೆಳಗೆ ಹೊಳೆ, ಮೇಲೆ ಮನೆಗಳು, ನಡುವೆ ಏರು ಇಳುಕಲಿನ ರಸ್ತೆ. ಸ್ವಾತಂತ್ರ್ಯ ದಿನಕ್ಕೆ ಎಲ್ಲ ಶಾಲೆಗಳ ಕವಾಯತು ಏರ್ಪಾಡಾಗಿತ್ತು. ನಾನು ತಿಂಗಳುಗಟ್ಟಲೆ ಶಾಲೆಯ ಅಂಗಳದ ಸಪಾಟು ಜಾಗದಲ್ಲಿ ತಾಲೀಮು ಮಾಡಿಸಿದೆ. ಎಡ, ಬಲ, ಎಡ, ಬಲ. ದೇವರಾಣೆ, ಗಡಿಯಾರದ ಮುಳ್ಳಿನಂತೆ ನಡೆಯುತ್ತಿದ್ದರು. ಆ ದಿನ ಮಾತ್ರ ಮೆರವಣಿಗೆ ಮೇಲಿನಿಂದ ಕೆಳಕ್ಕೆ ಇಳಿಯಬೇಕಾಗಿತ್ತು. ರಾತ್ರಿಯ ಮಳೆಗೆ ರಸ್ತೆ ಒದ್ದೆಯಾಗಿತ್ತು. ಹಿಂದಿನ ಸಾಲು ಮುಂದಿನ ಸಾಲನ್ನು ನೂಕಿತು, ಅದು ಅದರ ಮುಂದಿನದನ್ನು ನೂಕಿತು. ನನ್ನ ‘ಎಡ, ಬಲ’ ಉಸಿರಿಲ್ಲದ ‘ಎಡಬಲಎಡಬಲ’ ಆಯಿತು. ಮುಖ್ಯ ಅತಿಥಿಗಳು ವಂದನೆ ಸ್ವೀಕರಿಸಲು ಕೈ ಎತ್ತುವಷ್ಟರಲ್ಲಿ ನಮ್ಮ ಶಾಲೆ ದಾಟಿ ಹೋಗಿತ್ತು. ಅವರ ಕೈಗೆ ಸಿಕ್ಕಿದ್ದು ಕೊನೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದ ನಾನೊಬ್ಬನೇ. ಓಡುತ್ತಲೇ ಸೆಲ್ಯೂಟ್ ಹೊಡೆದೆ, ಚಪ್ಪಲಿ ಸಮೇತ.

ಕವಾಯತಿಗೆ ‘ಅತ್ಯಂತ ಉತ್ಸಾಹಿ ಶಾಲೆ’ ಎಂದು ಒಂದು ಕಪ್ಪು ಕೊಟ್ಟರು. ಕಪ್ಪು ಶಾಲೆಗೆ, ವರ್ಗಾವಣೆ ನನಗೆ. ಅತಿಥಿಗಳಿಗೆ ಚಪ್ಪಲಿಯ ಸೆಲ್ಯೂಟ್ ಹಿಡಿಸಿರಲಿಲ್ಲವಂತೆ. “ಜೋಯಿಡಾ ಕಡೆ ಹಾಕ್ಯಾರ ನೋಡ್ರಿ” ಎಂದು ಗುಮಾಸ್ತ ಹೇಳಿದಾಗ ಅಲ್ಲಿದ್ದವರೆಲ್ಲ ನನ್ನ ಮುಖವನ್ನು ಸೂತಕದ ಮನೆಗೆ ಬಂದವರ ಹಾಗೆ ನೋಡಿದರು.

ಶಾಲೆಯ ಊರಿನ ಹೆಸರು ಬೇಡ. ಜೋಯಿಡಾದಿಂದ ಆಚೆ, ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಊರು. ಅಲ್ಲಿ ನನ್ನ ವಿದ್ಯೆಯೆಲ್ಲ ತಲೆಕೆಳಗಾಯಿತು. ಶಾಲೆಯ ಮುಂದೆ ಒಂದು ಇಳಿಜಾರು, ಅದರ ಕೆಳಗೆ ಇನ್ನೊಂದು ಇಳಿಜಾರು, ಅದರ ಕೆಳಗೆ ಹಳ್ಳ. ಹುತುತು, ಅಂದರೆ ಈಗಿನ ಕಬಡ್ಡಿ, ಆಡಿಸಿದರೆ ಕೆಳಗಿನ ಪಕ್ಷದವರು ದಾಳಿಗೆ ಬಂದವನ ಕಾಲು ಹಿಡಿಯುವುದೇ ಬೇಡ, ಅವನೇ ಜಾರಿ ಅವರ ಮಡಿಲಿಗೆ ಬಂದು ಬೀಳುತ್ತಿದ್ದ. ವಾಲಿಬಾಲ್‌ನಲ್ಲಿ ಮೇಲಿನವರು ಹೊಡೆದರೆ ಚೆಂಡು ತರಲು ಕೆಳಗಿನವರು ಹಳ್ಳಕ್ಕೆ ಇಳಿಯಬೇಕು. ಅವರು ಏರಿ ಬರುವಷ್ಟರಲ್ಲಿ ಆಟದ ತಾಸು ಮುಗಿದು ಲೆಕ್ಕದ ತಾಸು. ನಾನು ಸ್ವಂತ ದುಡ್ಡಿನಿಂದ ಕೊಂಡು ತಂದ ಒಂದೇ ಒಂದು ಫುಟ್‌ಬಾಲ್, ಮೊದಲ ಒದೆತಕ್ಕೇ ಹಳ್ಳ ಸೇರಿ, ಹಳ್ಳದಿಂದ ಕಾಳಿ ಹೊಳೆ ಸೇರಿತು. ಇಷ್ಟು ಹೊತ್ತಿಗೆ ಅದು ಅರಬ್ಬೀ ಸಮುದ್ರ ದಾಟಿರಬೇಕು.

ಆ ಚಳಿಗಾಲದಲ್ಲಿ ತಪಾಸಣೆ ಸಾಹೇಬರು ಬಂದರು. ಇವರ ಕೈಯಲ್ಲಿ ನಮ್ಮ ಶಾಲೆಯ ಜೀವ ಇತ್ತು. ನಮ್ಮಲ್ಲಿ ಇದ್ದದ್ದು ಆರನೆಯ ಇಯತ್ತೆಯವರೆಗೆ, ಅಂದರೆ ಆರನೆಯ ತರಗತಿಯವರೆಗೆ ಮಾತ್ರ. ಏಳನೆಯದು ಓದಿ ಮುಲ್ಕಿ ಪರೀಕ್ಷೆ ಪಾಸಾದರೆ ಆಗ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಸಾಹೇಬರು ಆರನೆಯ ಇಯತ್ತೆಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಶೇವಂತಿ ಎಂಬ ಹುಡುಗಿ ಪಟಪಟನೆ ಉತ್ತರ ಕೊಟ್ಟಳು. ಸಾಹೇಬರಿಗೆ ಬಹಳ ಖುಷಿಯಾಯಿತು. ಖುಷಿಯಲ್ಲಿ ಹೊರಗೆ ಬಂದು ಛತ್ರಿಯನ್ನು ನೆಲಕ್ಕೆ ಇಟ್ಟರು. ಛತ್ರಿ ಉರುಳುತ್ತ ಹೊರಟಿತು. ನಾನು ಹಿಂದೆ ಓಡಿದೆ.

“ನಿಮ್ಮ ಆಟದ ಮೈದಾನ ಎಲ್ಲೈತಿ?” ಎಂದು ಕೇಳಿದರು.

ಹೆಡ್‌ಮಾಸ್ತರರು ಛತ್ರಿ ಹೋದ ದಾರಿಯನ್ನು ತೋರಿಸಿದರು.

“ಇದು ಮೈದಾನಲ್ರಿ, ಜಾರಬಂಡಿ. ಮೈದಾನ ಇಲ್ಲದ ಸಾಲಿಗೆ ಏಳನೇ ಇಯತ್ತೆ ಮಂಜೂರ ಮಾಡಾಕ ಬರೂದಿಲ್ಲ. ಶ್ರಾವಣದಾಗ ಮತ್ತ ಬರ್ತೇನಿ. ಸಪಾಟ ಮೈದಾನ ತೋರಸ್ರಿ, ನಿಂತ ಕಾಲಮ್ಯಾಗ ಆರ್ಡರ್ ಕೊಡ್ತೇನಿ.”

ಅವರು ಹೋದ ಮರುದಿನ ಶೇವಂತಿಯ ತಾಯಿ ರಕಮಾಬಾಯಿ ಬಂದಳು. ಗಂಡ ತೀರಿಹೋದವಳು, ಮಾತು ಖಡಕ್ಕು. ಮನೆಯಲ್ಲಿ ಕೊಂಕಣಿ ಆಡುತ್ತಿದ್ದಳು, ಜಗಳಕ್ಕೆ ಮಾತ್ರ ಕನ್ನಡ ಎಂದು ನಾನು ತಮಾಷೆ ಮಾಡುತ್ತಿದ್ದೆ.

“ಮಾಸ್ತರಾ, ನನ್ನ ತಮ್ಮ ರಾಮನಗರದಾಗ ಅಂಗಡಿ ಇಟ್ಟಾನ. ಕೂಸು ಆಡಸಾಕ ಶೇವಂತೀನ ಕಳಸು ಅಂತ ಜೀವಾ ತಿನ್ನಾಕತ್ತಾನ. ಒಮ್ಮೆ ಹೋದ್ಲಂದ್ರ ಮುಗೀತು, ಅಲ್ಲೇ ಯಾರಿಗರೆ ಕಟ್ಟತಾರ. ಇಕಿ ಮಾಸ್ತರೀಣ ಆಗಬೇಕಂತ ನನ್ನ ಜೀವ ಬಡಕೊಳ್ತೈತಿ. ಏಳನೇದು ಇಲ್ಲೇ ಬಂದ್ರ ಓದ್ತಾಳ. ಬರೂ ಚೌತಿ ತನಕ ತಮ್ಮನ್ನ ತಡೀತೇನಿ. ಅದರ ಮುಂದ ನನ್ನ ಕೈಯಾಗಿಲ್ಲ.”

“ಚಿಂತಿ ಬಿಡ ಬಾಯೀ,” ಎಂದೆ ಎದೆ ತಟ್ಟಿಕೊಂಡು. “ಗುಡ್ಡಾ ಕಡದು ಸಪಾಟ ಮಾಡ್ತೇನಿ.” ತೇರಗಾಂವದ ಬಾಯಿ, ಆಡುವುದಕ್ಕೆ ಏನಂತೆ.

ಆಗ ಶ್ರಮದಾನದ ಕಾಲ. ಹುಗ್ಗಿ ಕಾಯಿಸಿ ಡೋಲು ಬಾರಿಸಿದರೆ ಜನ ಗುಡ್ಡವನ್ನೂ ಕಿತ್ತು ಕೊಡುತ್ತಿದ್ದರು. ನಾನು ಸುದ್ದಿ ಹಬ್ಬಿಸಿದೆ: ಶಾಲೆಯ ಮುಂದಿನ ಇಳಿಜಾರನ್ನು ಸಪಾಟು ಮಾಡಬೇಕು. ಊರಿಗೆ ಊರೇ ಗುದ್ದಲಿ ಹಿಡಿದು ಬಂತು. ಅವರ ಹುರುಪು ನೋಡಿ ನನಗೇ ಆಶ್ಚರ್ಯ. ಆಟಕ್ಕಾಗಿ ಇಷ್ಟು ಹಂಬಲಿಸುವ ಜನ ಎಲ್ಲಿದ್ದಾರೆ ಎಂದು ಕಣ್ಣು ತುಂಬಿ ಬಂತು. ಮುಂದಾಳು ಸಿದ್ದಿಯರ ಬಸ್ತ್ಯಾಂವ. ಅವನ ಮಗಳೂ ಶೇವಂತಿಯ ಜೊತೆ ಓದುತ್ತಿದ್ದಳು. ಮೇಲಿನಿಂದ ಕಡಿದ ಮಣ್ಣನ್ನು ಕೆಳಗೆ ತುಂಬಿ, ಕಲ್ಲು ಆರಿಸಿ, ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ಹಾಕುತ್ತಿದ್ದರು. ಅಷ್ಟು ನಯ ಯಾಕೆ ಎಂದರೆ ನಗುತ್ತಿದ್ದರು. ಮಕ್ಕಳ ಮೊಣಕಾಲು ತರಚಬಾರದೆಂದೇ ಇರಬೇಕು ಎಂದು ನಾನು ತಿಳಿದೆ.

ಚೆಂಡು ಉರುಳಿ ಹೋಗದಂತೆ ಸುತ್ತಲೂ ಒಂದು ಬದು ಹಾಕಿ ಎಂದೆ. ಇದು ನನ್ನ ಸ್ವಂತ ಬುದ್ಧಿ, ಬಹಳ ಹೆಮ್ಮೆಯಿತ್ತು. ಬಸ್ತ್ಯಾಂವ ಎದ್ದು ನಿಂತು, “ಶಾಬಾಸ್ ಮಾಸ್ತರ! ನಿಮಗೂ ತಿಳೀತೈತಿ” ಎಂದ. “ಇನ್ನೊಂದ ಗೇಣ ಎತ್ತರಾ ಮಾಡೂಣು?”

“ಮಾಡ್ರಿ, ಮಾಡ್ರಿ. ಎತ್ತರ ಆದಷ್ಟು ಛಲೋ.”

“ನೀರಿಗೆ ಬಾಯಿ ಎಲ್ಲಿ ಇಡೂಣು?”

ಮಳೆ ನೀರು ಹೊರಗೆ ಹೋಗುವ ದಾರಿ ಕೇಳುತ್ತಿದ್ದಾನೆ, ಎಂಥ ಮುಂದಾಲೋಚನೆ ಎಂದುಕೊಂಡೆ. “ಎಲ್ಲಿ ಬೇಕಾದ್ರೂ ಇಡ್ರಪ್ಪಾ, ಅದು ನಿಮಗ ಬಿಟ್ಟದ್ದು.”

“ಕೇಳಿದ್ರೇನು?” ಎಂದು ಅವನು ಎಲ್ಲರ ಕಡೆ ತಿರುಗಿದ. “ನಮಗ ಬಿಟ್ಟದ್ದಂತ!” ಜನ ಸಿಳ್ಳೆ ಹಾಕಿದರು. ನಾನೂ ಹಾಕಿದೆ.

ಬೇಸಿಗೆಯ ಕೊನೆಗೆ ಮೈದಾನ ಸಿದ್ಧ. ನಾನು ನಟ್ಟನಡುವೆ ವಾಲಿಬಾಲ್ ಚೆಂಡು ಇಟ್ಟೆ. ಅಲುಗಲಿಲ್ಲ. ನಾಲ್ಕು ಮೂಲೆಯಲ್ಲಿ ಇಟ್ಟೆ. ಅಲುಗಲಿಲ್ಲ. ರಕಮಾಬಾಯಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೂಸಿ ನೋಡಿ ತಲೆಯಾಡಿಸಿದಳು. ಆ ತಾಯಿಯ ಆಸೆಯನ್ನು ನಾನು ಕೈಗೂಡಿಸಿದೆನಲ್ಲ ಎಂದು ಹೃದಯ ತುಂಬಿ ಬಂತು. ಅದೇ ಹುರುಪಿನಲ್ಲಿ ಮಳೆಗಾಲದ ತರಬೇತಿಗೆಂದು ಧಾರವಾಡಕ್ಕೆ ಹೋದೆ. ಅಲ್ಲಿ ನಮಗೆ ಕಲಿಸಿದ್ದು ‘ಮೈದಾನದ ನಿರ್ವಹಣೆ’.

ತರಬೇತಿ ಮುಗಿಸಿ ಹೊರಳಿ ಬಂದದ್ದು ಸಾಹೇಬರು ಬರುವ ಹಿಂದಿನ ದಿನ. ಧೋ ಎಂದು ಮಳೆ. ಏರು ಹತ್ತಿ ಶಾಲೆಯ ಮುಂದೆ ನಿಂತು ನೋಡುತ್ತೇನೆ, ಮೈದಾನ ಹಸಿರಾಗಿದೆ. ಹುಲ್ಲು ಬೆಳೆದಿರಬೇಕು, ಪರವಾಗಿಲ್ಲ ಎಂದು ಹತ್ತಿರ ಹೋದೆ. ಹುಲ್ಲು ಹೀಗೆ ಸಾಲು ಹಿಡಿದು ಬೆಳೆಯುತ್ತದೆಯೇ? ಅಯ್ಯೋ ನನ್ನ ಶಿವನೇ! ಭತ್ತ! ನಾಟಿ ಮಾಡಿಬಿಟ್ಟಿದ್ದಾರೆ! ನೀರು ಬದುವಿನ ತುಂಬ ನಿಂತು ಪೈರು ತೂಗುತ್ತಿದೆ.

ಹೆಡ್‌ಮಾಸ್ತರರ ಹತ್ತಿರ ಓಡಿದೆ. ಅವರು ಶಾಂತವಾಗಿ ಎಲೆ ಅಡಿಕೆ ಹಾಕುತ್ತ, “ನೀವ ಹೇಳಿದ್ರಂತಲ್ಲ ಮಾಸ್ತರ, ನೀರಿನ ಬಾಯಿ ನಿಮಗ ಬಿಟ್ಟದ್ದು ಅಂತ. ನಾ ಅಂದ್ಕೊಂಡೆ, ಒಕ್ಕಲಗ್ಯಾ ಅದಾನ, ತಿಳದಾ ಹೇಳ್ಯಾನ” ಎಂದರು.

ಬಸ್ತ್ಯಾಂವನನ್ನು ಹಿಡಿದು ಝಾಡಿಸಿದೆ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ಗುಡ್ಡಾ ಕಡದ್ರಿ, ಸಪಾಟ ಮಾಡಿದ್ರಿ, ಬದು ಹಾಕಸಿದ್ರಿ. ಗದ್ದಿ ಮಾಡಾಕ ಇನ್ನೇನ ಮಾಡ್ತಾರ ಮಾಸ್ತರ? ನಾವ ಹುರುಪಿಲೇ ನಟ್ಟೇವಿ. ಬೆಳದದ್ದು ಸಾಲಿ ಹುಡುಗ್ರಿಗೇ, ಮಧ್ಯಾಹ್ನದ ಗಂಜಿಗೆ.” ಯೋಚಿಸಿ ನೋಡಿದರೆ ಅವನದೇನು ತಪ್ಪು? ಗುಡ್ಡದ ಸೀಮೆಯಲ್ಲಿ ಅಂಗೈಯಷ್ಟು ಸಪಾಟು ಜಾಗ ಸಿಕ್ಕರೆ ಅದಕ್ಕೆ ಇರುವುದು ಒಂದೇ ಹೆಸರು. ನನ್ನಂಥ ಹಳಿಯಾಳದವನ ತಲೆಗೆ ಅದು ಹೊಳೆಯಲಿಲ್ಲ. ಆದರೆ ಚೌತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಮರುದಿನ ಸಾಹೇಬರು ಬಂದರು. ಜೀಪು ಕೆಳಗೇ ಕೆಸರಿನಲ್ಲಿ ಹುಗಿದದ್ದರಿಂದ ನಡೆದು ಬಂದಿದ್ದರು. ಕಾಲಿಗೆ ಉಂಬಳ ಹತ್ತಿ ರಕ್ತ, ಮುಖದಲ್ಲಿ ಅದಕ್ಕಿಂತ ಕೆಂಪು.

“ಮೈದಾನ?”

“ಇದರಿ,” ಎಂದೆ.

“ಇದು ಭತ್ತದ ಗದ್ದಿ.”

“ಹೌದರಿ. ಅದರ ಕೆಳಗ ಮೈದಾನ ಐತ್ರಿ.”

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಹಂಗಾರ ಆಡಸ್ರಿ. ನಾ ನೋಡೇ ಹೋಗ್ತೇನಿ. ಆಡಿದ್ರ ಮೈದಾನ, ಇಲ್ಲಂದ್ರ ಇಲ್ಲ.”

ನಾನು ಸೀಟಿ ಹೊಡೆದೆ. ಮಕ್ಕಳು ಬಂದು ಬದುವಿನ ಗುಂಟ ಸಾಲಾಗಿ ನಿಂತರು. ಇನ್ನೊಂದು ಸೀಟಿ ಹೊಡೆದೆ, ಒಳಗೆ ಇಳಿಯಲು. ಒಬ್ಬರೂ ಅಲುಗಲಿಲ್ಲ. ಸೀಟಿಗೆ ಎದುರು ನಿಂತ ಮಕ್ಕಳನ್ನು ನಾನು ಕಂಡದ್ದು ಅದೇ ಮೊದಲು.

“ಇದೇನ್ರಿ ನಿಮ್ಮ ಶಿಸ್ತು?” ಎಂದರು ಸಾಹೇಬರು.

ಬೇಲಿಯ ಹತ್ತಿರ ತಾಯಂದಿರು ಎಲೆ ಹೆಣೆದ ಗೊರಬು ಹೊದ್ದು ಮಳೆಯಲ್ಲಿ ನಿಂತಿದ್ದರು. ರಕಮಾಬಾಯಿ ತನ್ನ ಗೊರಬು ಕಿತ್ತು ಎಸೆದು ಮುಂದೆ ಬಂದಳು. ಆ ಪೈರಿನಲ್ಲಿ ಅರ್ಧ ಅವಳ ಕೈಯಿಂದಲೇ ನಟ್ಟದ್ದು.

“ಇಳಿ ಶೇವಂತೀ! ಸಾಹೇಬ ಹೇಳ್ತಾನಲ್ಲ, ಇಳಿ! ಭತ್ತ ಹೋದ್ರ ಹೋಗ್ಲಿ, ಬರೂ ವರ್ಸ ಬರ್ತೈತಿ. ನಿನ್ನ ಇಯತ್ತೆ ಬರಾಂಗಿಲ್ಲ!”

ಶೇವಂತಿ ಒಂದು ಕಾಲು ಕೆಳಗಿಟ್ಟಳು. ಎರಡು ಸಾಲುಗಳ ನಡುವೆ, ಪೈರಿಗೆ ತಾಗದಂತೆ. ಅಲ್ಲಿಂದ ಮುಂದೆ ಇಡಲು ಜಾಗವಿರಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡು, “ಆಗಾಂಗಿಲ್ಲ ಆಯೀ” ಎಂದು ಅಳತೊಡಗಿದಳು. ತನ್ನ ಓದು ಆ ಒಂದು ಹೆಜ್ಜೆಯಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಸೀಟಿಯನ್ನು ಕಿಸೆಗೆ ಹಾಕಿಕೊಂಡೆ.

“ಸಾಹೇಬ್ರ, ಬೇಕಾದ್ರ ನನ್ನ ಸಸ್ಪೆಂಡ್ ಮಾಡ್ರಿ. ನಿಂತ ಬೆಳಿ ತುಳಸೂ ಆಟಾ ನನಗ ಯಾವ ಟ್ರೇನಿಂಗಿನಾಗೂ ಕಲಸಿಲ್ಲ.”

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಬಗ್ಗಿ ಪೈರನ್ನು ಬೆರಳಿನಿಂದ ಸವರಿ ನೋಡಿದರು.

“ತುಳಸ್ರಿ ಅಂತ ನಾ ಎಲ್ಲಿ ಅಂದೆ?” ಎಂದರು ಗೊಣಗುತ್ತ. “ಆಡಸ್ರಿ ಅಂದೆ.”

ನನ್ನ ತಲೆಯಲ್ಲಿ ಬೆಳಕಾಯಿತು. “ಶೇವಂತೀ! ಬದುವಿನ ಮ್ಯಾಲ! ಸುತ್ತ! ಓಡ!”

ಅವಳು ಕಣ್ಣು ಒರೆಸಿಕೊಂಡು ಓಡಿದಳು. ಹಿಂದೆ ಬಸ್ತ್ಯಾಂವನ ಮಗಳು, ಅವಳ ಹಿಂದೆ ಇಡೀ ಶಾಲೆ, ಒಂದನೆಯ ಇಯತ್ತೆಯ ಮೂಗು ಸುರಿಸುವ ಚಿಳ್ಳೆಗಳೂ ಸೇರಿ. ಮಳೆಗೆ ನೆಂದು ಬೆಣ್ಣೆಯಾದ ಬದು, ಎರಡು ಪಾದ ಜೊತೆಗಿಡಲೂ ಸಾಲದಷ್ಟು ಅಗಲ. ಒಂದು ಮಗುವೂ ಜಾರಲಿಲ್ಲ, ಮೂಲೆಗಳಲ್ಲಿ ವೇಗವನ್ನೂ ತಗ್ಗಿಸಲಿಲ್ಲ. ಸುತ್ತಿನ ಮೇಲೆ ಸುತ್ತು. ಸಾಹೇಬರು ಮೊದಲು ಬಾಯಿ ತೆರೆದರು, ಆಮೇಲೆ ಚಪ್ಪಾಳೆ ಹೊಡೆದರು, ಆಮೇಲೆ ಛತ್ರಿ ಬೀಸಿ, “ಹೋಯ್! ಹೋಯ್! ಮಾಸ್ತರ, ನೀವೂ ಓಡ್ರಿ!” ಎಂದು ಕೂಗಿದರು.

ಮೇಲಧಿಕಾರಿಯ ಆಜ್ಞೆ. ಹಾರಿ ಬದುವಿನ ಮೇಲೆ ನಿಂತೆ. ಗರಡಿಯಲ್ಲಿ ಬೆಳೆದ ದೇಹ. ಒಂದು ಹೆಜ್ಜೆ ಸರಿಯಾಗಿ ಬಿತ್ತು, ಎರಡನೆಯದು ಹೇಗೋ ಬಿತ್ತು, ಮೂರನೆಯದು ಎಲ್ಲಿಯೂ ಬೀಳಲಿಲ್ಲ. ಒಳಗೆ ಬಿದ್ದರೆ ಬೆಳೆ ಹಾಳು ಎಂದು ಹೊರಗೆ ವಾಲಿದೆ. ಹೊರಗೆ ಇಳಿಜಾರು. ಇಳಿಜಾರಿನ ಕೆಳಗೆ ಇನ್ನೊಂದು ಇಳಿಜಾರು. ನನ್ನ ಫುಟ್‌ಬಾಲ್ ಯಾವ ದಾರಿಯಲ್ಲಿ ಹೋಯಿತೆಂದು ಆ ದಿನ ಇಂಚಿಂಚಾಗಿ ತಿಳಿಯಿತು. ಹಳ್ಳದಲ್ಲಿ ಕೂತು ಮೇಲೆ ನೋಡಿದರೆ ನಗು. ಸಾಹೇಬರದು ಎಲ್ಲರಿಗಿಂತ ಜೋರು.

ಉಂಬಳ ಕಿತ್ತುಕೊಳ್ಳುತ್ತ ಮೇಲೆ ಬರುವಷ್ಟರಲ್ಲಿ ಅವರು ಶಾಲೆಯ ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. “ಮೈದಾನ ಸಪಾಟ ಐತಿ, ಕಂಡೆ. ಹುಡುಗ್ರು ಓಡ್ತಾರ, ಕಂಡೆ. ಮಾಸ್ತರಗ ಮಾತ್ರ ಇನ್ನೂ ಕಲಿಯೂದೈತಿ” ಎಂದು ಅಲ್ಲಿಯೇ ಏಳನೆಯ ಇಯತ್ತೆಯ ಆರ್ಡರಿಗೆ ಸಹಿ ಹಾಕಿದರು. ರಕಮಾಬಾಯಿ ನನ್ನ ಹತ್ತಿರ ಬಂದು, ನನ್ನ ಕುತ್ತಿಗೆಯ ಮೇಲೆ ಉಳಿದಿದ್ದ ಒಂದು ಉಂಬಳವನ್ನು ಕಿತ್ತು ಎಸೆದಳು.

ಹೊಸಬರೇ, ಆ ಮೈದಾನದಲ್ಲಿ ಮಳೆಗಾಲಕ್ಕೆ ಭತ್ತ, ಸುಗ್ಗಿಯ ಮೇಲೆ ಹುತುತು. ನಾನಿದ್ದಷ್ಟು ವರ್ಷ ಹೀಗೇ ನಡೆಯಿತು. ಕೊಯ್ದ ಭತ್ತದ ಕೂಳೆ ಚುಚ್ಚಿ ಅಂಗಾಲು ಗಟ್ಟಿಯಾದ ನಮ್ಮ ಹುಡುಗರು ಯಾರಿಗೂ ಬಗ್ಗುತ್ತಿರಲಿಲ್ಲ. ಮಧ್ಯಾಹ್ನ ದೂರದ ಮಕ್ಕಳಿಗೆ ಅದೇ ಅಕ್ಕಿಯ ಗಂಜಿ. ‘ಮೈದಾನದ ನಿರ್ವಹಣೆ’ ಎಂದರೆ ನನಗೆ ಇವತ್ತಿಗೂ ಅದೇ.

ಆರ್ಡರ್ ಬಂದ ಮುಂದಿನ ಬೇಸಿಗೆಗೇ ಮುಲ್ಕಿ ಪರೀಕ್ಷೆ ಬಂತು. ಕೇಂದ್ರ ಹಳಿಯಾಳದಲ್ಲಿ. ಮಕ್ಕಳನ್ನು ನಾನೇ ಕರೆದುಕೊಂಡು ಹೋದೆ. ಶೇವಂತಿ ಗುಡ್ಡವಿಲ್ಲದ ಊರನ್ನು ನೋಡಿದ್ದು ಅದೇ ಮೊದಲು. ಬಸ್ಸಿನಿಂದ ಇಳಿದವಳು ನೆಲವನ್ನು ಅನುಮಾನದಿಂದ ನೋಡುತ್ತ ನಡೆದಳು. ಎರಡು ಪೇಪರಿನ ನಡುವೆ ನಾವು ಒಂದು ದೊಡ್ಡ ಆಟದ ಬಯಲಿನ ಅಂಚಿಗೆ ಬುತ್ತಿ ಬಿಚ್ಚಿ ಕೂತೆವು. ಬಯಲಿನ ಆಚೆ ತುದಿಗೆ ಪರೀಕ್ಷೆಯ ಕೋಣೆ. ಅವಳು ತುತ್ತು ಕೈಯಲ್ಲೇ ಹಿಡಿದು ಆ ಬಯಲನ್ನು ನೋಡಿದಳು. ಹೆಬ್ಬೆರಳಿನಿಂದ ಮಣ್ಣು ಕೆದರಿದಳು.

“ಸರ್, ಮಣ್ಣೇನೋ ಛಲೋ ಐತಿ. ಆದ್ರ ಕೂಳೇನ ಇಲ್ಲಲ್ಲ. ಇವರು ಒಮ್ಮೆನೂ ನಟ್ಟಿಲ್ಲೇನ್ರಿ?”

“ಇಲ್ಲವಾ. ಇದು ಬರೇ ಆಟಕ್ಕ.”

“ವರ್ಸಾನಗಟ್ಲೆ?”

“ವರ್ಸಾನಗಟ್ಲೆ.”

ನನ್ನ ಊರಿನ ದೊಡ್ಡವರನ್ನು ಬೈಯಬಾರದೆಂದು ಅವಳು ಬಾಯಿ ಮುಚ್ಚಿಕೊಂಡಳು ಎಂದು ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಹೋಗ, ಓಡ, ಅಡ್ಡ ಹಾಯಿ, ತಡಾ ಆಕ್ಕೈತಿ!” ಎಂದು ಕೂಗಿದೆ. ಉಳಿದ ಊರುಗಳ ಮಕ್ಕಳೆಲ್ಲ ಬಯಲನ್ನು ನೆಟ್ಟಗೆ ಹಾಯ್ದು ಕೋಣೆ ಸೇರಿದರು. ಶೇವಂತಿ ಲೇಖನಿಯನ್ನು ಹಲ್ಲಲ್ಲಿ ಕಚ್ಚಿ, ಲಂಗ ಎತ್ತಿ ಹಿಡಿದು, ಆ ಬಯಲಿನ ಅಂಚಿನ ಗುಂಟ ಪೂರ್ತಿ ಸುತ್ತು ಹಾಕಿಕೊಂಡು ಓಡಿದಳು. ಎಲ್ಲರಿಗಿಂತ ಕೊನೆಗೆ ಒಳಗೆ ಹೋದಳು, ಪಾಸಾದಳು.